ಹಸಿರು ವೈರು

ಮಾರ್ಚ್ ೩

ಅಪ್ಪಾ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಸುದ್ದಿ ಕೇಳು. ನಾನೊಂದು ಆಂಪ್ಲಿಫೈಯರ್ ಮಾಡಿದ್ದೇನೆ. ನಗಬೇಡ. ಎರಡು ಬೆರಳು ಸುಟ್ಟುಕೊಂಡಿದ್ದೇನೆ, ಚಿಕ್ಕಮ್ಮನ ಊಟದ ಮೇಜಿನ ಮೇಲೆ ಬೆಸುಗೆ ಬೀಳಿಸಿ ಮೂರು ದಿನ ಬೈಸಿಕೊಂಡಿದ್ದೇನೆ. ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ನಾನು ಕೆಲಸ ಮಾಡುವ ಶಾಲೆಯ ಮಕ್ಕಳಿಗೆ ಕಿವಿ ಮಂದ ಎಂದು ಬರೆದಿದ್ದೆನಲ್ಲ. ಹದಿನಾಲ್ಕು ಮಕ್ಕಳು. ಕೆಲವರಿಗೆ ಹೆಡ್‌ಫೋನ್ ಹಾಕಿ ಜೋರಾಗಿ ಹೇಳಿದರೆ ಒಂದಿಷ್ಟು ಕೇಳುತ್ತದೆ. ಕೆಲವರಿಗೆ ಏನೂ ಇಲ್ಲ. ಅವರಿಗೋಸ್ಕರ ಸ್ಪೀಕರನ್ನು ಪೆಟ್ಟಿಗೆಯ ಕಬ್ಬಿಣದ ಮುಚ್ಚಳಕ್ಕೇ ಬಿಗಿದಿದ್ದೇನೆ. ಅಂಗೈ ಇಟ್ಟರೆ ಡೋಲಿನ ಏಟು ಮೊಣಕೈವರೆಗೆ ಬರುತ್ತದೆ. ಇದಕ್ಕೆಂದೇ ಹೆಡ್ ಮೇಡಂ ಒಂದು ಕೋಣೆ ಬಿಟ್ಟುಕೊಟ್ಟಿದ್ದಾರೆ, ಕಿವಿಕೋಣೆ ಎಂದು ಹೆಸರಿಟ್ಟಿದ್ದೇವೆ. ಏಪ್ರಿಲ್ ಹತ್ತಕ್ಕೆ ತೆರೆಯಬೇಕು. ಮಕ್ಕಳ ಅಪ್ಪ ಅಮ್ಮಂದಿರೆಲ್ಲ ಬರುತ್ತಾರೆ.

ಅಟ್ಟದ ಮೇಲೆ ನಿನ್ನ ಎರಡು ಪೆಟ್ಟಿಗೆಗಳಿದ್ದವು. ಒಂದು ಪೂರ್ತಿಯಾದದ್ದು, ಇನ್ನೊಂದರಲ್ಲಿ ನೀನು ಟ್ರಾನ್ಸ್‌ಫಾರ್ಮರ್ ಮಾತ್ರ ಕೂರಿಸಿದ್ದೆ. ಪೂರ್ತಿಯಾದದ್ದರ ಮುಚ್ಚಳ ಬಿಚ್ಚಿ ಎದುರಿಗಿಟ್ಟುಕೊಂಡು ನೋಡಿ ನೋಡಿ ಆ ಅರ್ಧದ್ದರಲ್ಲಿ ನಾನು ಇದನ್ನು ಕಟ್ಟಿದೆ. ನೀನು ವೈರನ್ನು ಎಲ್ಲಿ ತಿರುಗಿಸಿದ್ದೀಯೋ ನಾನೂ ಅಲ್ಲೇ ತಿರುಗಿಸಿದ್ದೇನೆ.

ಅದು ಯಾವ ಪೆಟ್ಟಿಗೆ ಎಂದು ನನಗೆ ಗೊತ್ತು. ಎಂಟು ವರ್ಷದ ಹಿಂದೆ ಕರೆಂಟು ಹೊಡೆದಾಗ ಅಮ್ಮ ಬಹುಮಾನದ ಪಟ್ಟಿ ಓದುತ್ತಿದ್ದದ್ದು ಇದರ ಮೈಕಿನಲ್ಲೇ. ಆದರೆ ಪೆಟ್ಟಿಗೆಯದೇನು ತಪ್ಪು? ಸಭಾಭವನದ ಅರ್ತಿಂಗ್ ಕೆಡಿಸಿಟ್ಟು ಅಮ್ಮನ ಜೀವ ತೆಗೆದ ಆ ವೈರ್‌ಮನ್ ಪೇಟೆ ಬೀದಿಯಲ್ಲಿ ಕೊಡೆ ರಿಪೇರಿ ಮಾಡಿಕೊಂಡು ಕೂತಿದ್ದಾನೆ. ಒಂದು ಕಾಲದಲ್ಲಿ ಅವನನ್ನು ಕನ್ನಡಕದ ಮಾವ ಅಂತ ಕರೆಯುತ್ತಿದ್ದೆ ಎನ್ನುವುದನ್ನು ನೆನೆದರೆ ಮೈ ಉರಿಯುತ್ತದೆ.

ಇರಲಿ. ತೊಂದರೆ ಏನೆಂದರೆ ಪೆಟ್ಟಿಗೆ ಗುಂಯ್ ಅನ್ನುತ್ತದೆ. ಒಂದೇ ಸಮ. ಆ ಸದ್ದಿನಲ್ಲಿ 'ಮರ' ಯಾವುದು 'ಬರ' ಯಾವುದು ಎಂದು ನನಗೇ ತಿಳಿಯುವುದಿಲ್ಲ, ಮಕ್ಕಳಿಗೆ ಹೇಗೆ ತಿಳಿಯಬೇಕು? ಏನು ಮಾಡಲಿ ಹೇಳು. ನಾಲ್ಕು ವರ್ಷದಿಂದ ಆ ಹವಾಮಾನ ಕೇಂದ್ರದಲ್ಲಿ ಮಳೆ ಅಳೆದೂ ಅಳೆದೂ ಬೆಸುಗೆ ಮರೆತುಬಿಟ್ಟಿಲ್ಲ ತಾನೇ?

ನಿನ್ನ
ಚೂಟಿ

* * *

ಮಾರ್ಚ್ ೮

ಚೂಟಿ,

ನಿನ್ನ ಪತ್ರ ಇವತ್ತು ಬಂತು. ಟಪಾಲಿನವನು ಬೆಟ್ಟ ಹತ್ತುವುದು ಶನಿವಾರ ಮಾತ್ರ. ಕೆಳಗಿಳಿಯುವ ಮುಂಚೆ ಒಂದು ಗಂಟೆ ಕೂತು ಸುಧಾರಿಸಿಕೊಳ್ಳುತ್ತಾನೆ. ಆ ಒಂದು ಗಂಟೆಯಲ್ಲಿ ಬರೆಯುತ್ತಿದ್ದೇನೆ.

ಗುಂಯ್ ಸದ್ದಿನ ಮೂಲ ಹಿಡಿಯುವುದು ಮನೆಯಲ್ಲಿ ಸೋರುವ ಜಾಗ ಹುಡುಕಿದ ಹಾಗೆ. ಒಂದೊಂದೇ ಕೋಣೆಯ ಬಾಗಿಲು ಹಾಕುತ್ತಾ ಬರಬೇಕು. ವಾಲ್ಯೂಮನ್ನು ಸೊನ್ನೆಗೆ ತಿರುಗಿಸು. ಸದ್ದು ಹಾಗೇ ಉಳಿದರೆ ಕರೆಂಟು ಒಳಗೆ ಬರುವ ಕಡೆ ತೊಂದರೆ. ದೊಡ್ಡ ಕಂಡೆನ್ಸರ್ ಬದಲಾಯಿಸು. ಸದ್ದು ಅಡಗಿದರೆ ತೊಂದರೆ ಮುಂದಿನ ಕಡೆ. ಆಗ ಟೇಪ್ ರೆಕಾರ್ಡರಿನಿಂದ ಬರುವ ವೈರನ್ನು ಕಿತ್ತು ನೋಡು. ಒಳಗಿನ ಸಣ್ಣ ವೈರುಗಳು ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ ಹಾದುಹೋಗಬಾರದು. ನೆಲದ ವೈರುಗಳು, ಅಂದರೆ ಸರ್ಕ್ಯೂಟಿನ ಗ್ರೌಂಡ್ ವೈರುಗಳೆಲ್ಲ, ಒಂದೇ ಬಿಂದುವಿಗೆ ಬಂದು ಸೇರಬೇಕು. ಒಂದೊಂದು ಒಂದೊಂದು ಕಡೆ ಬೆಸೆದಿದ್ದರೆ ಅವು ತಮ್ಮತಮ್ಮಲ್ಲೇ ಜಗಳವಾಡುತ್ತವೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡು, ಬರೆದಿಡು.

ನಿನಗೆ ಬೇಕಾದರೆ ಸರ್ಕ್ಯೂಟಿನ ಚಿತ್ರ ಬರೆದು ಕಳಿಸುತ್ತೇನೆ. ಆ ಹಳೆಯ ಪೆಟ್ಟಿಗೆಯನ್ನು ನೋಡಿ ಮಾಡಬೇಡ. ಅದು ಸರಿಯಾದ ಮಾದರಿಯಲ್ಲ. ಮುಚ್ಚಳ ಹಾಕಿ ಅಟ್ಟಕ್ಕೆ ಸೇರಿಸು. ಎರಡೂ ಟ್ರಾನ್ಸ್‌ಫಾರ್ಮರುಗಳು ಒಟ್ಟಿಗೆ ತಂದವು, ಈಗ ತುಂಬಾ ಹಳೆಯವಾಗಿವೆ. ಹೊಸದು ಹಾಕಲಾದರೆ ಹಾಕು.

ಇಲ್ಲೊಂದು ಸಾಲು ಹೊಡೆದುಹಾಕಿದ್ದೇನೆ. ಅದನ್ನು ಓದಲು ಹೋಗಬೇಡ, ಅದು ನಿನಗೆ ಬೇಡ.

ಆ ಮನುಷ್ಯನ ಬಗ್ಗೆ ನೀನು ಬರೆಯದಿದ್ದರೆ ಒಳ್ಳೆಯದು. ಆದದ್ದಾಯಿತು.

ಅಪ್ಪ

* * *

ಮಾರ್ಚ್ ೧೭

ಅಪ್ಪಾ,

ಓದಬೇಡ ಎಂದ ಮೇಲೆ ಓದದೆ ಇರುವವಳೇ ನಾನು? ಹಾಳೆಯನ್ನು ಕಿಟಕಿಗೆ ಹಿಡಿದು ಓದಿದೆ. 'ಕಬ್ಬಿಣವನ್ನು ಕೈಯಿಂದ ಮುಟ್ಟಿದರೆ ಸದ್ದು ಕಡಿಮೆಯಾಗುತ್ತದೆಯೇ ನೋಡು' ಎಂದಿದೆ. ಮುಟ್ಟಿ ನೋಡಿದೆ. ಹೌದು, ಕಡಿಮೆಯಾಗುತ್ತದೆ! ಪೆಟ್ಟಿಗೆ ಆನ್ ಆಗಿ ಒಂದಷ್ಟು ಹೊತ್ತಾದ ಮೇಲೆ ಬೆರಳಿಗೆ ಇರುವೆ ಕಚ್ಚಿದ ಹಾಗೆ ಚುರುಕ್ ಅನ್ನುತ್ತದೆ, ಅಷ್ಟೇ. ಚಪ್ಪಲಿ ಹಾಕಿಕೊಂಡರೆ ಅದೂ ಇಲ್ಲ. ಇದರಿಂದ ಏನು ತಿಳಿಯಬೇಕು?

ಉಳಿದದ್ದೂ ಮಾಡಿದೆ. ವಾಲ್ಯೂಮ್ ಸೊನ್ನೆ ಮಾಡಿದರೆ ಸದ್ದು ಪೂರ್ತಿ ಹೋಗುವುದಿಲ್ಲ, ಅರ್ಧಕ್ಕಿಳಿಯುತ್ತದೆ. ಕಂಡೆನ್ಸರ್ ಬದಲಾಯಿಸಿದೆ, ಇನ್ನೂ ಸ್ವಲ್ಪ ಇಳಿಯಿತು. ನೆಲದ ವೈರುಗಳನ್ನೆಲ್ಲ ಒಂದೇ ಬಿಂದುವಿಗೆ ತಂದೆ. ಆದರೂ ಗುಂಯ್.

ಹಳೆಯ ಪೆಟ್ಟಿಗೆ ಮಾದರಿಯಲ್ಲ ಎಂದು ಯಾಕೆ ಬರೆದೆ? ನಿನ್ನ ಕೈಕೆಲಸದ ಎಷ್ಟು ಸೊಗಸು ಅದರಲ್ಲಿದೆ ಗೊತ್ತೇ? ಒಂದು ಕಡೆ ಮಾತ್ರ ಅರ್ಥವಾಗಲಿಲ್ಲ. ಕರೆಂಟಿನ ವೈರು ಒಳಗೆ ಬರುವಲ್ಲಿ ಹಸಿರು ವೈರನ್ನು ಮೋಟುಮಾಡಿ ಕತ್ತರಿಸಿ, ಮೇಲೆ ಕಪ್ಪು ಟೇಪು ಸುತ್ತಿದ್ದೀಯ. ಅದು ಬೇಡದ ವೈರು ಎಂದುಕೊಂಡು ನನ್ನದರಲ್ಲಿ ಹಾಕಲೇ ಇಲ್ಲ.

ಇನ್ನೊಂದು ವಿಷಯ. ಬರೆಯಬೇಡ ಎಂದಿದ್ದೀಯ, ಆದರೂ ಬರೆಯುತ್ತೇನೆ. ಮೊನ್ನೆ ಆ ಮನುಷ್ಯ ಶಾಲೆಯ ಗೇಟಿಗೆ ಬಂದಿದ್ದ. ಪೆಟ್ಟಿಗೆಯ ಸುದ್ದಿ ಅವನ ಕಿವಿಗೆ ಬಿದ್ದಿದೆ. ಹೆಡ್ ಮೇಡಂ ಹತ್ತಿರ, "ಮಕ್ಕಳು ಮುಟ್ಟೋ ಮುಂಚೆ ಒಂದ್ಸಲ ಟೆಸ್ಟ್ ಮಾಡ್ಸಿ ಅಮ್ಮಾ. ನಾನೇ ಮಾಡ್ಬೇಕು ಅಂತೇನಿಲ್ಲ, ಯಾರಾದ್ರೂ ಗೊತ್ತಿರೋರು ಮಾಡ್ಲಿ," ಅಂದನಂತೆ. ಎಷ್ಟು ಧೈರ್ಯ ನೋಡು! ಹತ್ತು ತಿಂಗಳು ಜೈಲಿನಲ್ಲಿದ್ದು, ಲೈಸೆನ್ಸ್ ಕಳೆದುಕೊಂಡು, ಈಗ ನನಗೆ ಬುದ್ಧಿ ಹೇಳಲು ಬರುತ್ತಾನೆ.

ಚೂಟಿ

* * *

ಮಾರ್ಚ್ ೨೨

ಚೂಟಿ,

ಪೆಟ್ಟಿಗೆಯನ್ನು ಮುಟ್ಟಬೇಡ. ಪ್ಲಗ್ ಕಿತ್ತ ಮೇಲಷ್ಟೇ ಒಳಗೆ ಕೈ ಹಾಕು. ಮಕ್ಕಳನ್ನು ಹತ್ತಿರ ಬಿಡಬೇಡ. ಇದನ್ನು ಮೊದಲು ಓದು, ಎರಡು ಸಲ ಓದು.

ಮೂರು ಪಿನ್ನಿನ ಪ್ಲಗ್ ಹಾಕು. ಹಸಿರು ವೈರಿನ ಒಂದು ತುದಿ ಪ್ಲಗ್ಗಿನ ದೊಡ್ಡ ಪಿನ್ನಿಗೆ, ಇನ್ನೊಂದು ತುದಿ ಪೆಟ್ಟಿಗೆಯ ಕಬ್ಬಿಣಕ್ಕೆ. ಬಣ್ಣ ಕೆರೆದು, ನಟ್ಟು ಹಾಕಿ ಬಿಗಿ ಮಾಡು. ಒಳಗೆ ಎಲ್ಲಾದರೂ ಕರೆಂಟು ಸೋರಿ ಕಬ್ಬಿಣಕ್ಕೆ ಬಂದರೆ ಅದು ಮನುಷ್ಯರ ಮೈ ಮೂಲಕ ಹೋಗದೆ ಈ ವೈರಿನ ಮೂಲಕ ಭೂಮಿಗೆ ಹೋಗುತ್ತದೆ. ಹಸಿರು ವೈರು ಇರುವುದು ಅದಕ್ಕೇ. ಅದು ಬೇಡದ ವೈರಲ್ಲ.

ಹಳೆಯ ಪೆಟ್ಟಿಗೆಯಲ್ಲಿ ಅದನ್ನು ಆಮೇಲೆ ಯಾವಾಗಲೋ ಬಿಚ್ಚಿದ್ದೆ. ರಿಪೇರಿಗೆಂದು. ಯಾವಾಗ ಎಂದು ನೆನಪಿಲ್ಲ.

ಗೇಟಿಗೆ ಯಾರು ಬಂದರೂ ಜಗಳಕ್ಕೆ ಹೋಗಬೇಡ. ವೈರು ಹಾಕಿದ ಕೂಡಲೇ ನನಗೆ ಬರೆ.

ಅಪ್ಪ

* * *

ಮಾರ್ಚ್ ೩೧

ಅಪ್ಪಾ,

ನೀನು ಹೇಳಿದ ಹಾಗೇ ಹಸಿರು ವೈರು ಹಾಕಿದೆ. ಚುರುಕ್ ಅನ್ನುವುದು ನಿಂತಿತು. ಆದರೆ ಗುಂಯ್ ಸದ್ದು ಎರಡರಷ್ಟಾಯಿತು! ಟೇಪ್ ರೆಕಾರ್ಡರ್ ವೈರು ಕಿತ್ತರೆ ಸದ್ದಿಲ್ಲ, ಸಿಕ್ಕಿಸಿದರೆ ಕೋಣೆಯೆಲ್ಲ ಗುಂಯ್. ಎರಡು ಜಡೆಯ ಪುಟ್ಟ ಹುಡುಗಿಯೊಬ್ಬಳಿಗೆ ಹೆಡ್‌ಫೋನ್ ಹಾಕಿದೆ. ಅವಳು ಮುಖ ಹಿಂಡಿಕೊಂಡು ಅದನ್ನು ಕಿತ್ತೆಸೆದಳು. ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಹಸಿರು ವೈರನ್ನು ಬಿಚ್ಚಿದೆ. ಸದ್ದು ಗಪ್ ಅಂತ ಇಳಿಯಿತು.

ಆಗ ನನಗೆ ಹೊಳೆಯಿತು, ನೀನೂ ಇದಕ್ಕೇ ಕತ್ತರಿಸಿದ್ದು, ಅಲ್ಲವೇ? ಗುಂಯ್ ಸದ್ದು ಹೋಗಲೆಂದು. ನೆನಪಿಲ್ಲ ಎಂದು ಬರೆದೆ. ಪ್ರತಿ ಪೆಟ್ಟಿಗೆಯ ಒಳಗೂ ತಾರೀಖು ಬರೆದಿಡುತ್ತಿದ್ದ ನಿನಗೆ ನೆನಪಿಲ್ಲವೆಂದರೆ ನಂಬಲಿ ಹೇಗೆ? ಆ ಪೆಟ್ಟಿಗೆ ಅಮ್ಮ ಹೋದ ಮೇಲೆ ಅಟ್ಟದಿಂದ ಇಳಿದದ್ದನ್ನು ನಾನು ಕಂಡಿಲ್ಲ. ಚಿಕ್ಕಮ್ಮನನ್ನು ಕೇಳಿದೆ. "ಅದನ್ನ ಯಾರೇ ಮುಟ್ಟಿದ್ರು? ಮುಟ್ಟೋಕೆ ನಿಮ್ಮಪ್ಪ ಬಿಟ್ರೆ ತಾನೆ," ಅಂದಳು. ಅಲ್ಲಿಂದ ಮುಂದೆ ನಾನು ಯೋಚಿಸಲು ಹೋಗಿಲ್ಲ. ನೀನೇ ಬರೆ.

ಆ ಮನುಷ್ಯ ಮತ್ತೆ ಬಂದಿದ್ದ. ಈ ಸಲ ನನಗೇ ಎದುರಾದ. "ಅರ್ತ್ ಹಾಕಿದೀಯೇನಮ್ಮಾ?" ಅಂತ ಕೇಳಿದ. ನಾನು ಹೇಳಬಾರದ್ದು ಹೇಳಿದೆ. "ಒಂದು ಜೀವ ತೆಗೆದಿದ್ದು ಸಾಲಲಿಲ್ವಾ ನಿಮಗೆ? ಈ ಮಕ್ಕಳ ಹತ್ರಾನೂ ಬರ್ಬೇಕಾ?" ಅಂದೆ. ಮಕ್ಕಳೆಲ್ಲ ನೋಡುತ್ತಿದ್ದರು. ಅವರಿಗೆ ಮಾತು ಕೇಳಿಸದಿದ್ದರೂ ಮುಖ ಓದಲು ಬರುತ್ತದೆ. ಅವನು ಕನ್ನಡಕ ತೆಗೆದು ಅಂಗಿಯಿಂದ ಒರೆಸಿಕೊಂಡ. ತಿರುಗಿ ನಡೆದ.

ಹತ್ತನೇ ತಾರೀಖು ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಕಾರ್ಯಕ್ರಮ. ಹದಿನಾಲ್ಕು ಮಕ್ಕಳೂ ಸುತ್ತ ನಿಂತು ಒಟ್ಟಿಗೆ ಕೈ ಇಡುತ್ತಾರೆ. ಬರಿಗಾಲಿನಲ್ಲಿ ನಿಂತರೆ ನೆಲದ ಅದುರೂ ಗೊತ್ತಾಗುತ್ತದೆಂದು ಹೆಡ್ ಮೇಡಂ ಹೇಳಿದ್ದಾರೆ. ಅಷ್ಟರೊಳಗೆ ಬರೆ. ನಿನ್ನಿಂದ ಪತ್ರ ಬರದಿದ್ದರೆ ಹಸಿರು ವೈರಿಲ್ಲದೆಯೇ ನಡೆಸುತ್ತೇನೆ. ಬೇರೆ ದಾರಿ ನನಗೆ ಕಾಣುತ್ತಿಲ್ಲ.

ಚೂಟಿ

* * *

ಏಪ್ರಿಲ್ ೯, ಮಧ್ಯಾಹ್ನ ೨.೧೦
ಬೆಟ್ಟದ ಹವಾಮಾನ ಕೇಂದ್ರದಿಂದ ವೈರ್‌ಲೆಸ್ ಮೂಲಕ. ಕಿವಿ ಮಂದ ಮಕ್ಕಳ ಶಾಲೆಯ ಸಹಾಯಕ ಶಿಕ್ಷಕಿಗೆ. ಜೀವದ ಪ್ರಶ್ನೆ. ಕೈಯಲ್ಲೇ ತಲುಪಿಸಿ.

ಪೆಟ್ಟಿಗೆ ಬಂದ್ ಮಾಡು. ಯಾರೂ ಮುಟ್ಟಬಾರದು. ಕನ್ನಡಕದ ಮಾವನನ್ನು ಕರೆ. ಅವರು ಹೇಳಿದ ಹಾಗೆ ಕೇಳು. ಅಂದು ಹಸಿರು ವೈರು ಇರಲಿಲ್ಲ. ತಪ್ಪು ಅವರದಲ್ಲ. ನನ್ನದು.
ಅಪ್ಪ

* * *

ಏಪ್ರಿಲ್ ೧೧

ಅಪ್ಪ,

ನಿಮ್ಮ ಸಂದೇಶ ಬಂದಾಗ ಹತ್ತನೇ ತಾರೀಖು ಹತ್ತೂ ಮುಕ್ಕಾಲು ಗಂಟೆ. ಹಿಂದಿನ ದಿನವೇ ಬರಬೇಕಿತ್ತಂತೆ, ಎಲ್ಲೋ ಯಾರ ಮೇಜಿನ ಮೇಲೋ ಕೂತಿತ್ತು. ಸೈಕಲ್ಲಿನಲ್ಲಿ ಬಂದ ಜವಾನ ಗೇಟಿನ ಹೊರಗೆ ನಿಂತು ಸಹಿ ಹಾಕಿ ಎಂದ. ನಾನು ಆಮೇಲೆ ನೋಡುತ್ತೇನೆ ಎಂದೆ. ಅವನು, "ಅಮ್ಮಾ, ಜೀವದ ಪ್ರಶ್ನೆ ಅಂತ ಬರ್ದಿದಾರೆ, ನೋಡ್ಬಿಡಿ," ಅಂದ. ಅಲ್ಲೇ ಬಿಚ್ಚಿ ಓದಿದೆ. ಒಳಗೆ ಮಕ್ಕಳು ಚಪ್ಪಲಿ ಬಿಟ್ಟು ಸಾಲಾಗಿ ನಿಂತಿದ್ದರು. ಕೋಣೆಯ ನೆಲ ಆಗತಾನೇ ಒರೆಸಿದ್ದರು, ಇನ್ನೂ ಹಸಿಯಾಗಿತ್ತು. ಪೆಟ್ಟಿಗೆ ಒಂದು ಗಂಟೆಯಿಂದ ಆನ್ ಆಗಿತ್ತು. ಎರಡು ಜಡೆಯ ಹುಡುಗಿ ಎಲ್ಲರಿಗಿಂತ ಮುಂದಿದ್ದಳು. ಆಸೆ ತಡೆಯಲಾರದೆ ಕೈ ಚಾಚಿದ್ದಳು.

ನಾನು ಕಿರುಚಿದೆ. ಅವಳಿಗೆ ಹೇಗೆ ಕೇಳಬೇಕು? ಓಡಿಹೋಗಿ ಅವಳ ಜಡೆ ಹಿಡಿದು ಹಿಂದಕ್ಕೆಳೆದೆ. ಬಿದ್ದಳು. ತುಟಿ ಒಡೆದು ರಕ್ತ ಬಂತು. ಅವಳ ಅಪ್ಪ ನನ್ನ ಮೇಲೆ ಏರಿ ಬಂದರು. ನಾನು ಪ್ಲಗ್ ಕಿತ್ತು ಅಲ್ಲೇ ಕೂತುಬಿಟ್ಟೆ.

ಆಮೇಲೆ ಹೆಡ್ ಮೇಡಂ ಪೇಟೆ ಬೀದಿಗೆ ಆಳು ಕಳಿಸಿದರು. ಕನ್ನಡಕದ ಮಾವ ಬರುತ್ತಾರೆಂದು ನಾನು ಎಣಿಸಿರಲಿಲ್ಲ. ಬಂದರು. ನನ್ನ ಕಡೆ ನೋಡಲಿಲ್ಲ. ಪಾಲಕರನ್ನೆಲ್ಲ ಹೊರಗೆ ನಿಲ್ಲಿಸಿ, ರಬ್ಬರ್ ಹಾಸಿನ ಮೇಲೆ ನಿಂತು, ಪೆಟ್ಟಿಗೆಯನ್ನು ಮತ್ತೆ ಆನ್ ಮಾಡಿದರು. ಒಂದು ಬಲ್ಬಿಗೆ ಎರಡು ವೈರು ಕಟ್ಟಿಕೊಂಡಿದ್ದರು. ಒಂದನ್ನು ನೀರಿನ ನಲ್ಲಿಯ ಕೊಳವೆಗೆ ಸಿಕ್ಕಿಸಿ, ಇನ್ನೊಂದನ್ನು ಪೆಟ್ಟಿಗೆಯ ಕಬ್ಬಿಣಕ್ಕೆ ತಾಗಿಸಿದರು. ಏನೂ ಆಗಲಿಲ್ಲ. "ಅರ್ಧ ಗಂಟೆ ಕಾಯೋಣ. ಟ್ರಾನ್ಸ್‌ಫಾರ್ಮರ್ ಬಿಸಿಯಾಗ್ಲಿ," ಅಂದರು. ಅರ್ಧ ಗಂಟೆಯ ನಂತರ ತಾಗಿಸಿದಾಗ ಬಲ್ಬಿನ ತಂತಿ ಕೆಂಪಗಾಯಿತು. ನೋಡನೋಡುತ್ತಿದ್ದಂತೆ ಹಳದಿಯಾಯಿತು. ಆ ಹುಡುಗಿಯ ಅಪ್ಪ ಬಾಗಿಲಿನಿಂದ ಅದನ್ನು ನೋಡಿ ಮಗಳನ್ನು ಎತ್ತಿಕೊಂಡು ಗೋಡೆಗೆ ಒರಗಿ ನಿಂತರು.

ನಿಮ್ಮ ಸಂದೇಶವನ್ನು ಅವರಿಗೆ ಕೊಟ್ಟೆ. ಓದಿದರು. ಮಡಿಸಿ ವಾಪಸ್ ಕೊಟ್ಟರು. "ಇದನ್ನ ಜೋಪಾನವಾಗಿ ಇಟ್ಕೋ," ಅಂದರು, ಅಷ್ಟೇ.

ಈಗ ನನಗೆ ಪೂರ್ತಿ ಬರೆಯಿರಿ. ನೆನಪಿಲ್ಲ ಎನ್ನುವ ಮಾತು ಬೇಡ. ಅಮ್ಮನಿಗೆ ಏನಾಯಿತು?

ಸಹಾಯಕ ಶಿಕ್ಷಕಿ

* * *

ಏಪ್ರಿಲ್ ೧೯

ಮಗಳೇ,

ಏಪ್ರಿಲ್ ಐದರ ಶನಿವಾರ ಮಂಜು ಮುಸುಕಿ ಟಪಾಲಿನವನು ಹತ್ತಲಿಲ್ಲ, ಒಂಬತ್ತರ ಬುಧವಾರ ಬಂದ. ನಿನ್ನ ಪತ್ರ ಓದಿದ ಹತ್ತು ನಿಮಿಷಕ್ಕೆ ವೈರ್‌ಲೆಸ್ ಮುಂದೆ ಕೂತೆ. ಆ ಹತ್ತು ನಿಮಿಷ ಏನು ಮಾಡುತ್ತಿದ್ದೆ ಎಂದು ನೀನು ಕೇಳಿಲ್ಲ. ಆದರೂ ಹೇಳುತ್ತೇನೆ. ಒಪ್ಪಿಕೊಳ್ಳದೆಯೂ ನಿನ್ನನ್ನು ತಡೆಯಲಾದೀತೇ ಎಂದು ಯೋಚಿಸುತ್ತಿದ್ದೆ. 'ಮುಟ್ಟಬೇಡ' ಎಂದಷ್ಟೇ ಕಳಿಸಿದರೆ ಸಾಕೇ ಎಂದು. ಹಿಂದಿನ ಎರಡು ಪತ್ರಗಳಲ್ಲಿ ಅದನ್ನೇ ಮಾಡಿದ್ದೆ, ನೀನು ನಂಬಿರಲಿಲ್ಲ. ಅರ್ಧ ಸತ್ಯ ಹೇಳಿ ನಿನ್ನನ್ನೂ ಕೊಲ್ಲುತ್ತಿದ್ದೆ.

ಆ ದಿನ ಬೆಳಿಗ್ಗೆಯಿಂದ ಸಭಾಭವನದಲ್ಲಿ ಗುಂಯ್ ಸದ್ದು. ನನ್ನ ಪೆಟ್ಟಿಗೆಗೂ ಅರ್ತಿಂಗ್ ಇತ್ತು, ಟೇಪ್ ರೆಕಾರ್ಡರಿಗೂ ಇತ್ತು. ಎರಡು ದಾರಿ ಸೇರಿ ಒಂದು ಸುತ್ತಾಗಿ ಸದ್ದು ಬರುತ್ತಿತ್ತು. ನಿನ್ನ ಕೋಣೆಯಲ್ಲಿ ಆದದ್ದೂ ಅದೇ. ಸರಿಯಾದ ಉಪಾಯ ನನಗೆ ಗೊತ್ತಿತ್ತು. ಅದಕ್ಕೆ ಒಂದು ಗಂಟೆ ಬೇಕಿತ್ತು. ಜನ ಬಂದು ಕೂತಿದ್ದರು. ನಿನ್ನ ಅಮ್ಮ ಮೈಕಿನ ಮುಂದೆ ಪಟ್ಟಿ ಹಿಡಿದು ನಿಂತು ನನ್ನತ್ತ ಬಗ್ಗಿ, "ಏನ್ರೀ ಇದು, ನನ್ನ ಮಾತು ನನಗೇ ಕೇಳಿಸ್ತಿಲ್ಲ. ಏನಾದ್ರೂ ಮಾಡಿ," ಅಂದಳು. ನಾನು ಕಟ್ಟರ್ ತೆಗೆದು ಹಸಿರು ವೈರು ಕತ್ತರಿಸಿದೆ. ಸದ್ದು ನಿಂತಿತು. ಅವಳು ನನ್ನತ್ತ ನೋಡಿ ನಕ್ಕಳು.

ಎಂಟು ಹೆಸರು ಓದಿದಳು. ಟ್ರಾನ್ಸ್‌ಫಾರ್ಮರ್ ಬಿಸಿಯಾಗಿ ಒಳಗೆ ಸೋರತೊಡಗಿದ್ದು ಯಾರಿಗೂ ಗೊತ್ತಾಗಲಿಲ್ಲ. ಒಂದು ಕೈಯಲ್ಲಿ ಮೈಕು ಹಿಡಿದು, ಇನ್ನೊಂದನ್ನು ಪರದೆಯ ಕಬ್ಬಿಣದ ಕಂಬಕ್ಕೆ ಆನಿಸಿದಳು.

ಆಮೇಲೆ ಎಲ್ಲರೂ ಅವಳ ಸುತ್ತ ಇದ್ದಾಗ ನಾನು ಕತ್ತರಿಸಿದ ತುದಿಗೆ ಟೇಪು ಸುತ್ತಿ ಮುಚ್ಚಳ ಹಾಕಿದೆ. ಅವಳ ಹತ್ತಿರ ಹೋಗುವ ಮುಂಚೆ ಅದನ್ನು ಮಾಡಿದೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ನನಗೇ ಹೇಳಿಕೊಂಡಿರಲಿಲ್ಲ.

ವಿಚಾರಣೆಯಲ್ಲಿ ಒಂದೇ ಪ್ರಶ್ನೆ ಕೇಳಿದರು. "ನಿಮ್ಮ ಪೆಟ್ಟಿಗೆಗೆ ಅರ್ತಿಂಗ್ ಇತ್ತಾ?" ನಾನು "ಇತ್ತು" ಅಂದೆ. ಹೆಂಡತಿಯನ್ನು ಕಳೆದುಕೊಂಡವನ ಮಾತನ್ನು ಯಾರೂ ಪರೀಕ್ಷಿಸಿ ನೋಡಲಿಲ್ಲ. ಅವತ್ತು ಬೆಳಿಗ್ಗೆ ನಿನ್ನ ಕನ್ನಡಕದ ಮಾವ ಅಲ್ಲಿಯ ಸ್ವಿಚ್ ಬೋರ್ಡು ಬದಲಾಯಿಸಿದ್ದ, ಎಲ್ಲ ಅವನ ತಲೆಗೆ ಬಂತು. ನನ್ನ ಜೊತೆ ಒಂದೇ ತಟ್ಟೆಯಲ್ಲಿ ಉಂಡವನು. ನೀನು ಅವನನ್ನು ದ್ವೇಷಿಸುವುದನ್ನು ನಾಲ್ಕು ವರ್ಷ ಎದುರಿಗಿದ್ದು ನೋಡಿದೆ. ತಡೆಯಲಾರದೆ ಈ ಬೆಟ್ಟಕ್ಕೆ ಬಂದೆ.

ಅನುಮತಿಯಿಲ್ಲದೆ ವೈರ್‌ಲೆಸ್ ಬಳಸಿದ್ದಕ್ಕೆ ಮೇಲಧಿಕಾರಿ ವಿವರಣೆ ಕೇಳಿದ್ದಾರೆ. ಅದು ಸಣ್ಣ ವಿಷಯ.

ಕ್ಷಮಿಸು ಎಂದು ಬರೆಯುವ ಹಕ್ಕು ನನಗಿಲ್ಲ.

ಅಪ್ಪ

* * *

ಮೇ ೧೭

ಮಗಳೇ,

ನಾಲ್ಕು ಶನಿವಾರ ಕಳೆದವು. ಟಪಾಲಿನವನು ಈಗ ದೂರದಿಂದಲೇ ಇಲ್ಲ ಎಂದು ಕೈ ಆಡಿಸುತ್ತಾನೆ. ನೀನು ಬರೆಯದಿರುವುದು ಸರಿಯೇ. ಆ ಹುಡುಗಿಯ ತುಟಿ ವಾಸಿಯಾಯಿತೇ ಎನ್ನುವುದನ್ನು ಮಾತ್ರ ಯಾರ ಕೈಯಲ್ಲಾದರೂ ತಿಳಿಸು.

ಅಪ್ಪ

* * *

ಮೇ ೨೬

ಹವಾಮಾನ ಕೇಂದ್ರದವರಿಗೆ,

ನಿಮಗೆ ಹಳೆಯ ಗೆಳೆಯ ಎಂದು ಬರೆಯಲು ಕೈ ಬರುತ್ತಿಲ್ಲ. ನಿಮ್ಮ ಮಗಳು ನಿಮ್ಮ ಪತ್ರವನ್ನು ತಂದು ನನ್ನ ಮುಂದಿಟ್ಟಳು. ನನ್ನ ಕಾಲು ಹಿಡಿಯಲು ಬಂದಳು. ನಾನು ಬಿಡಲಿಲ್ಲ. ಅವಳದೇನಿದೆ?

ನಿಮಗೆ ಗೊತ್ತಿಲ್ಲದ ಒಂದು ಮಾತಿದೆ. ಆ ದಿನ ನಾನು ಸಭಾಭವನದ ಹಿಂದೆ ಬೋರ್ಡಿನ ಮುಚ್ಚಳ ಹಾಕುತ್ತಿದ್ದೆ. ಅಲ್ಲಿಗೂ ಗುಂಯ್ ಸದ್ದು ಕೇಳುತ್ತಿತ್ತು. ಅದು ಇದ್ದಕ್ಕಿದ್ದಂತೆ ನಿಂತಿತು. ನಿಧಾನವಾಗಿ ಅಲ್ಲ, ಕತ್ತರಿಸಿದ ಹಾಗೆ. ಯಾರೋ ಅರ್ತ್ ಕಿತ್ತರು ಎಂದು ನನಗೆ ಆಗಲೇ ತಿಳಿಯಿತು. ನಿಮಗೆ ಹೇಳೋಣ ಎಂದು ಹೊರಟೆ. ಹೊರಡುವ ಮುಂಚೆ ಸಾಮಾನು ಚೀಲಕ್ಕೆ ತುಂಬಿಕೊಂಡೆ. ತುಂಬಿಕೊಳ್ಳದೆ ಹೊರಟಿದ್ದರೆ ಹೊತ್ತಿಗೆ ತಲುಪುತ್ತಿದ್ದೆ. ಎಂಟು ವರ್ಷ ನಾನು ಕೊರಗಿದ್ದು ಅದಕ್ಕೆ. ಜೈಲಿಗೆ ಹೋದದ್ದಕ್ಕಲ್ಲ.

ವಿಚಾರಣೆಯಲ್ಲಿ ಇದನ್ನೆಲ್ಲ ಹೇಳಿದೆ. ನೀವು "ಇತ್ತು" ಅಂದಿರಿ. ನಾನು ನಿಮ್ಮ ಮುಖ ನೋಡಿದೆ. ನೀವು ಕಿಟಕಿ ನೋಡಿದಿರಿ.

ನನಗೆ ನಿಮ್ಮ ಕಣ್ಣೀರು ಬೇಡ. ಅಂದು ವಿಚಾರಣೆ ನಡೆಸಿದ ಮಂಡಳಿಗೆ ನಿಮ್ಮ ಕೈಬರಹದಲ್ಲಿ, ಸಹಿ ಹಾಕಿ ಬರೆಯಿರಿ. ಬಂದು ಅದೇ ಕುರ್ಚಿಯಲ್ಲಿ ಕೂತು ಹೇಳಿ. ನನ್ನ ಮಗನ ಮದುವೆಗೆ ಹೆಣ್ಣಿನ ಕಡೆಯವರು ನನ್ನನ್ನು ಮುಂದೆ ನಿಲ್ಲಿಸಲಿಲ್ಲ. ಅದನ್ನು ನೀವು ತಿರುಗಿ ಕೊಡಲಾರಿರಿ. ಹೆಸರನ್ನಾದರೂ ಕೊಡಿ.

ಆ ಮಗುವಿನ ತುಟಿ ವಾಸಿಯಾಗಿದೆ. ನಿಮ್ಮ ಮಗಳು ತಿಳಿಸಲು ಹೇಳಿದಳು.

ಪೇಟೆ ಬೀದಿಯ ವೈರ್‌ಮನ್

* * *

ಮೇ ೩೧

ಗೆಳೆಯಾ,

ನೀನು ಬರೆಯದಿದ್ದರೂ ನಾನು ಹಾಗೆಯೇ ಬರೆಯುತ್ತೇನೆ. ತಪ್ಪೆನಿಸಿದರೆ ಆ ಪದ ಹೊಡೆದುಹಾಕು.

ಮಂಡಳಿಗೆ ಬರೆದ ಹೇಳಿಕೆ ಇದೇ ಚೀಲದಲ್ಲಿ ಕೆಳಗಿಳಿಯುತ್ತಿದೆ. ಆರು ಪುಟ. ಟೇಪು ಸುತ್ತಿದ್ದನ್ನೂ ಬರೆದಿದ್ದೇನೆ. ಹಳೆಯ ಪೆಟ್ಟಿಗೆಯನ್ನು ಮಗಳು ಬಿಚ್ಚಿದ ಸ್ಥಿತಿಯಲ್ಲೇ ಒಪ್ಪಿಸಬೇಕೆಂದು ಕೇಳಿದ್ದೇನೆ. ಇಲ್ಲಿಯ ಕೆಲಸ ಬಿಟ್ಟಿದ್ದೇನೆ. ಬದಲಿ ಮನುಷ್ಯ ಬಂದ ದಿನವೇ ಇಳಿಯುತ್ತೇನೆ, ಕರೆ ಬರುವವರೆಗೂ ಕಾಯುವುದಿಲ್ಲ.

ಅವಳ ಕೋಣೆಯ ಗುಂಯ್ ಸದ್ದಿಗೆ ಉಪಾಯ ನಿನಗೂ ಗೊತ್ತು. ಕಬ್ಬಿಣಕ್ಕೆ ಹಸಿರು ವೈರು ನೇರವಾಗಿ ಇರಲಿ, ಯಾರೂ ಕೀಳದ ಹಾಗೆ. ಒಳಗಿನ ಸರ್ಕ್ಯೂಟಿನ ನೆಲಕ್ಕೂ ಕಬ್ಬಿಣಕ್ಕೂ ನಡುವೆ ಮಾತ್ರ ಹತ್ತು ಓಮಿನ ರೆಸಿಸ್ಟರ್. ಎರಡು ಪ್ಲಗ್ಗೂ ಒಂದೇ ಬೋರ್ಡಿಗೆ. ಟ್ರಾನ್ಸ್‌ಫಾರ್ಮರ್ ಹೊಸದು. ನಾನು ಹೇಳಿದರೆ ಅವಳು ಮಾಡಲಿಕ್ಕಿಲ್ಲ. ನೀನು ಹೇಳು.

ನಾನು ಕಿಟಕಿ ನೋಡಿದ್ದು ನಿಜ.

* * *

ಆಗಸ್ಟ್ ೬

ಅಪ್ಪಾ,

ಜೈಲಿಗೆ ಬರೆದ ಪತ್ರವನ್ನು ಅವರು ಓದಿ ಕೊಡುತ್ತಾರಂತೆ. ಓದಲಿ.

ವಿಚಾರಣೆಯ ದಿನ ನಾನು ಬಂದಿದ್ದೆ. ನೀನು ನೋಡಲಿಲ್ಲ, ನಾನು ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಒಳಗೆ ಬಂದಿದ್ದರೆ ಯಾವ ಕಡೆಯ ಕುರ್ಚಿಯಲ್ಲಿ ಕೂರಬೇಕೋ ತಿಳಿಯಲಿಲ್ಲ. ಆದರೆ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ, ನಿನ್ನ ದನಿ ಕೇಳಿಸಿತು. ಅಧಿಕಾರಿ, "ಅರ್ತಿಂಗ್ ಇತ್ತಾ?" ಎಂದು ಕೇಳಿದರು. "ಇರಲಿಲ್ಲ. ನಾನೇ ಕತ್ತರಿಸಿದ್ದೆ," ಅಂದೆ ನೀನು. ಅವರಿಗೆ ಕೇಳಿಸಲಿಲ್ಲವೇನೋ, "ಸ್ವಲ್ಪ ಜೋರಾಗಿ ಹೇಳಿ," ಅಂದರು. ನೀನು ಮತ್ತೆ ಹೇಳಿದೆ. ಕಾರಿಡಾರಿನ ಕೊನೆಯಲ್ಲಿ ಟೈಪು ಮಾಡುತ್ತಿದ್ದವಳು ಕೈ ನಿಲ್ಲಿಸಿದಳು.

ನಿನ್ನನ್ನು ಹಿಂದಿನ ಬಾಗಿಲಿನಿಂದ ಕರೆದೊಯ್ದ ಮೇಲೆ ಮಾವ ಹೊರಗೆ ಬಂದು ನನ್ನ ಪಕ್ಕ ಕೂತರು. ಖುಷಿಯಾಗಿರುತ್ತಾರೆ ಎಂದುಕೊಂಡಿದ್ದೆ. "ಇಷ್ಟು ಮುದುಕ ಆಗ್ಬಿಟ್ಟಿದಾನಲ್ಲಮ್ಮಾ ನಿಮ್ಮಪ್ಪ," ಅಂದರು. ಬಸ್ಸಿನಲ್ಲಿ 'ಗೆಳೆಯಾ' ಎಂಬ ಪತ್ರವನ್ನು ಕಿಸೆಯಿಂದ ತೆಗೆದು ತೋರಿಸಿದರು. ಆ ಪದವನ್ನು ಹೊಡೆದುಹಾಕಿರಲಿಲ್ಲ. ಅದರ ಕೆಳಗೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದು ಬಿಟ್ಟಿದ್ದರು. ಅದು ಒಪ್ಪಿದ ಗೆರೆಯೋ ಅನುಮಾನದ್ದೋ ನಾನು ಕೇಳಲಿಲ್ಲ.

ಅವರ ಲೈಸೆನ್ಸ್ ಕಳೆದ ಸೋಮವಾರ ಬಂತು. ಗೋಡೆಗೆ ಹಾಕಿಕೊಂಡಿಲ್ಲ, ಕೊಡೆ ರಿಪೇರಿಯ ಡಬ್ಬಿಯಲ್ಲೇ ಇಟ್ಟಿದ್ದಾರೆ. ಮಾವ ಹೇಳಿದ ಹಾಗೆ ಹಸಿರು ವೈರು ಬಿಗಿದು, ಟ್ರಾನ್ಸ್‌ಫಾರ್ಮರ್ ಬದಲಾಯಿಸಿ, ಕಿವಿಕೋಣೆಯನ್ನು ಜುಲೈನಲ್ಲಿ ತೆರೆದೆವು. ಮೊದಲು ಕೈ ಇಟ್ಟವರು ಮಾವ, ಬರಿಗಾಲಿನಲ್ಲಿ, ಒದ್ದೆ ನೆಲದ ಮೇಲೆ ನಿಂತು. ಮಕ್ಕಳು ಆಮೇಲೆ. 'ಮರ' ಎಂದರೆ ಒಂಬತ್ತು ಮಕ್ಕಳು ಮರದ ಚಿತ್ರಕ್ಕೆ ಬೆರಳು ತೋರಿಸಿದರು.

ನಿನ್ನ ಮೇಲಿನ ಕೋಪ ಹೋಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಟೇಪು ಸುತ್ತಿ ಆಮೇಲೆ ಅಮ್ಮನ ಹತ್ತಿರ ಹೋದೆ ಎಂಬ ಸಾಲನ್ನು ದಿನಾ ಓದುತ್ತೇನೆ. ಒಂದು ದಿನವೂ ಅದನ್ನು ದಾಟಲು ಆಗಿಲ್ಲ.

ಹೋದ ಭಾನುವಾರ ಭೇಟಿಯ ಸಾಲಿನಲ್ಲಿ ಬಂದು ನಿಂತಿದ್ದೆ. ಪುಸ್ತಕ ಹಿಡಿದ ಪೇದೆ, "ಯಾರನ್ನ ನೋಡ್ಬೇಕು?" ಎಂದು ಕೇಳಿದ. "ಅಪ್ಪನ್ನ," ಅಂದೆ. ಬರೆದುಕೊಂಡ. ನನ್ನ ಸರದಿ ಬಂದಾಗ ಹಿಂದಿದ್ದ ಅಜ್ಜಿಯನ್ನು ಮುಂದೆ ಬಿಟ್ಟೆ. ಅವರಾದ ಮೇಲೆ ಕೂಸು ಎತ್ತಿಕೊಂಡಿದ್ದವಳನ್ನು ಬಿಟ್ಟೆ. ಹೀಗೇ ಒಬ್ಬೊಬ್ಬರನ್ನೇ ಬಿಡುತ್ತಾ ಕೊನೆಯವಳಾದೆ. ಆಗ ಹನ್ನೊಂದು ಹೊಡೆದು ಗೇಟು ಮುಚ್ಚಿದರು. ಪೇದೆಗೆ ನನ್ನ ಮೇಲೆ ಕರುಣೆ ಬಂತೋ ಸಿಟ್ಟು ಬಂತೋ, "ಮುಂದಿನ ವಾರ ಬೇಗ ಬಾಮ್ಮಾ," ಅಂದ.

ಈ ಭಾನುವಾರ ಎಂಟಕ್ಕೇ ಬಂದು ಎಲ್ಲರಿಗಿಂತ ಮುಂದೆ ನಿಲ್ಲುತ್ತೇನೆ. ಹಿಂದೆ ಜನ ತುಂಬಿಕೊಂಡರೆ ತಿರುಗಿ ಹೋಗಲು ದಾರಿ ಇರುವುದಿಲ್ಲ. ಏನು ಮಾತಾಡಬೇಕೋ ಗೊತ್ತಿಲ್ಲ. ನೀನೂ ಏನೂ ಸಿದ್ಧಮಾಡಿಕೊಂಡು ಬರಬೇಡ.

ಚೂಟಿ